ಹತ್ತು ಗಂಟೆಯ ಹಾಜರಿ

ಹತ್ತಿ, ದೋರನಹಳ್ಳಿ ದಾಟಿದ ಮೇಲೆ ರಸ್ತೆಯುದ್ದಕ್ಕೂ ಜಾಲಿಯ ಮುಳ್ಳಿಗೆ ಅಂಟಿಕೊಂಡ ಬಿಳಿ ಹತ್ತಿ, ಲಾರಿಗಳಿಂದ ಹಾರಿದ್ದು, ಇಷ್ಟು ದಿನ ಇದೇ ದಾರಿಯಲ್ಲಿ ಹೋಗಿ ಬಂದರೂ ಕಂಡಿರಲಿಲ್ಲವಲ್ಲ ಎಂದುಕೊಂಡಳು ಪರಿಮಳಾ, ಕಾಣುವುದೆಲ್ಲಿಂದ, ಏಳೂ ಐವತ್ತರ ಬಸ್ಸಿನಲ್ಲಿ ಯಾರದೋ ಬಗಲಲ್ಲಿ ಮುಖ ಹುದುಗಿಸಿ ನಿಂತೇ ಹೋಗುವುದು, ಈ ಎಂಟೂ ಐವತ್ತರ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು, ತೊಡೆಯ ಮೇಲೆ ಊಟದ ಡಬ್ಬಿ, ಇವತ್ತಿನಿಂದ ಯಾದಗಿರಿಯ ಕಾಲೇಜು ಆಫೀಸಿಗೆ ಒಂಬತ್ತೂವರೆಗಲ್ಲ, ಹತ್ತಕ್ಕೆ ಹೋದರೆ ಸಾಕು, ಸಂಜೆ ಆರರವರೆಗೆ ಕೂತರಾಯಿತು, ಲಿಖಿತ ಆದೇಶ, ಸೆಕ್ರೆಟರಿ ದೇವಿಂದ್ರಪ್ಪನವರ ಸಹಿ — ಪರ್ಸಿನಲ್ಲಿದೆಯೇ, ಇದೆ, ಮುಟ್ಟಿ ನೋಡಿದಳು, ಮತ್ತೊಮ್ಮೆ ಮುಟ್ಟಿದಳು. ಮಗಳು ಮೌನಿ ಇವತ್ತು ಶಾಲೆಯ ತೆರೆದ ಗೇಟಿನೊಳಗೆ ಓಡಿಹೋದಳು, ಹಿಂತಿರುಗಿ ನೋಡಲೂ ಇಲ್ಲ, ನೋಡದಿದ್ದದ್ದೇ ಒಳ್ಳೆಯದಾಯಿತು, ನಿನ್ನೆಯವರೆಗೆ ನಾಲ್ಕು ವರ್ಷದ ಕೂಸನ್ನು ಏಳೂವರೆಗೆ ಬೀಗ ಹಾಕಿದ ಶಾಲೆಯ ಮುಂದೆ ಕೂರಿಸಿ, ಎಂಟೂವರೆಗೆ ಆಯಾ ಬಂದು ಬೀಗ ತೆಗೆಯುವವರೆಗೆ ಏಳಬೇಡ, ಯಾರು ಕರೆದರೂ ಹೋಗಬೇಡ ಎಂದು ಹೇಳಿ ಬಸ್ಸಿಗೆ ಓಡುವುದು, ಇನ್ನೇನು ಮಾಡಬೇಕಿತ್ತು, ಗಂಡ ಶರಣಕುಮಾರ ಸುರಪುರದಲ್ಲಿ ಲೈನ್‌ಮನ್, ಆರಕ್ಕೇ ಮನೆ ಬಿಡುವವನು, ಏನರೆ ಮಾಡು, ನನ್ನ ತಲಿ ತಿನ್ನಬ್ಯಾಡ ಅನ್ನುವವನು, ಆಮೇಲೆ ಒಂದು ದಿನ ಸಂಜೆ ಶಾಲೆಯೆದುರಿನ ಕಿರಾಣಿ ಅಂಗಡಿಯ ಖುರ್ಷೀದಬೇಗಂ ಅವಳನ್ನು ತಡೆದು ನಿಲ್ಲಿಸಿ, ಏನ್ ಬೇಟಿ, ನಿನ್ನ ಕೂಸಿನ ಕೈಯಾಗಿಂದು ಬಿಸ್ಕೀಟು ನಾಯಿ ಕಸಗೊಂಡು ಹೋತು, ಕೂಸು ಎದ್ದಿಲ್ಲ, ಅತ್ತಿಲ್ಲ, ಅವ್ವ ಏಳಬ್ಯಾಡಂದಾಳ ಅಂತ ಕುಂತಲ್ಲೇ ಉಚ್ಚಿ ಹೊಯ್ಕೊಂಡು ಕುಂತಿತ್ತು, ಹಡಿಯಾಕಿ ನೀನು, ಕಾಯಾಕಿ ನಾನೇನು ಎಂದಳು — ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ಮರುದಿನವೇ ಅರ್ಜಿ ಬರೆಯಲು ಕೂತಳು, ಊಟದ ಬಿಡುವಿನಲ್ಲಿ, ಬರೆದು ಹರಿದು, ವಿನಂತಿ ಎನ್ನಲೇ ಕೋರಿಕೆ ಎನ್ನಲೇ, ನಾಯಿಯ ವಿಷಯ ಬೇಡ, ಕರುಣೆ ಬೇಡಿದಂತಾಗುತ್ತದೆ, ಕರುಣೆ ಬೇಡಿದವರನ್ನು ಇಲ್ಲಿ ತಿಂಗಳುಗಟ್ಟಲೆ ಓಡಾಡಿಸುತ್ತಾರೆ, ಆಧಾರ ಬೇಕು, ಹಿಂದೆ ಯಾರಿಗಾದರೂ ಕೊಟ್ಟಿದ್ದಾರೆ ಎಂದು ತೋರಿಸಬೇಕು, ಆಗಲೇ ಆ ಸಾಲು ಹೊಳೆದದ್ದು, ಹಾಜರಿ ಯಂತ್ರದ ವಿಷಯದಲ್ಲಿ ಸಿಬ್ಬಂದಿಯೊಬ್ಬರಿಗೆ ಈಗಾಗಲೇ ವಿನಾಯಿತಿ ಇರುವುದರಿಂದ, ಹೆಸರು ಬರೆಯಲಿಲ್ಲ, ಹೆಸರು ಬರೆಯದಷ್ಟು ಜಾಣೆ, ಎರಡು ಸಲ ಓದಿಕೊಂಡಳು, ಸಾಲು ಚೆನ್ನಾಗಿಯೇ ಇತ್ತು. ಆ ಒಬ್ಬರು ಸುಗಲಮ್ಮ, ರಾಮಸಮುದ್ರದಿಂದ ಬಂದು ಕಾಲೇಜಿನ ಕಸ ಗುಡಿಸಿ ಪಾಯಖಾನೆ ತೊಳೆಯುವವಳು, ಆಸಿಡ್ಡು ಬ್ಲೀಚಿಂಗ್ ಪುಡಿಯಲ್ಲಿ ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿ ಯಂತ್ರ ಅವಳನ್ನು ಗುರುತಿಸುತ್ತಿರಲಿಲ್ಲ, ಅದಕ್ಕೆ ಹಾಜರಿ ಲೆಕ್ಕ ನೋಡುವ ಪರಿಮಳಾಳೇ ಒಂದು ನೋಟ್‌ಬುಕ್ಕು ತೆರೆದಿದ್ದಳು, ಯಾರನ್ನೂ ಕೇಳದೆ, ದಿನಾ ತಾನೇ ಬಂದಿದ್ದಾಳೆ ಎಂದು ಬರೆದು ತಿಂಗಳ ಕೊನೆಗೆ ಕಂಪ್ಯೂಟರಿಗೆ ಏರಿಸುತ್ತಿದ್ದಳು, ಅಕ್ಕೋರೆ, ನಿಮ್ಮ ಪೆನ್ನಿನಾಗ ನನ್ನ ರೊಟ್ಟಿ ಅದರಿ ಎಂದು ಸುಗಲಮ್ಮ ನಗುತ್ತಿದ್ದಳು, ಪುಂಡಿಪಲ್ಯ ತಂದುಕೊಡುತ್ತಿದ್ದಳು — ಡಬ್ಬಿ ಬಿಸಿಯಾಗಿದೆ, ತೊಡೆ ಸುಡುತ್ತಿದೆ, ಸರಿಸಿದಳು. ದೇವಿಂದ್ರಪ್ಪನವರು ಅರ್ಜಿಯನ್ನು ಗಟ್ಟಿಯಾಗಿ ಓದಿದ್ದರು, ಭಾಳ ಚಂದ ಬರದೀರಿ ಪರಿಮಳಾ ಅವರೇ, ಎಂ.ಎ. ಮಾಡಿದವರ ಕೈನೇ ಬ್ಯಾರೆ, ಕೂಸಿನ ತ್ರಾಸ ನನಗೂ ತಿಳಿತದ, ಹತ್ತು ಗಂಟಿ ಬರಾಬರ್, ಕೊಟ್ಟೆ ಅಂತ ತಿಳೀರಿ, ಆದ್ರ ಈ ಸಿಬ್ಬಂದಿಯೊಬ್ಬರು ಅಂದ್ರ ಯಾರ್ರಿ? ಪೆನ್ನಿನ ಮುಚ್ಚಳ ತೆಗೆದಿದ್ದರು, ಮೊನೆ ಕಾಗದದ ಮೇಲೆ ನಿಂತಿತ್ತು, ಇಳಿಯಲಿಲ್ಲ, ಅವರು ಅವಸರವೇ ಮಾಡಲಿಲ್ಲ, ಅವಳು ಪೆನ್ನನ್ನೇ ನೋಡುತ್ತಿದ್ದಳು, ಗೊತ್ತಿಲ್ಲ ಅನ್ನಬಹುದಿತ್ತು, ತಪ್ಪಾಗಿ ಬರೆದೆ ಅನ್ನಬಹುದಿತ್ತು, ನೋಟ್‌ಬುಕ್ಕು ತೆರೆದದ್ದು ನಾನು ಅನ್ನಬಹುದಿತ್ತು, ಸುಗಲಮ್ಮರಿ ಎಂದಳು, ಪೆನ್ನು ಇಳಿಯಿತು.

ಅಷ್ಟಕ್ಕೇ ಮುಗಿಯಬೇಕಿತ್ತು, ಕಾಗದ ಕೈಗೆ ಬಂದಿತ್ತು, ಐದು ನಿಮಿಷ ಮೊದಲು ಹೊರಗೆ ಬಂದಿದ್ದರೆ, ಆದರೆ ಅವರು ಸುಗಲಮ್ಮನನ್ನು ಕರೆಸಿದರು, ಯಂತ್ರದ ಮುಂದೆ ನಿಲ್ಲಿಸಿದರು, ಆಫೀಸಿನವರೆಲ್ಲ ಎದ್ದು ಬಂದರು, ಏ ಸುಗಲವ್ವ, ನೀ ಖರೇ ಬರ್ತೀಯೋ, ಅಕ್ಕೋರು ಸುಮ್ಮಕ ಬರಿತಾರೋ, ಯಾರು ಕಂಡಾರ, ಮಷೀನು ನಿನ್ನ ಹೆಬ್ಬಟ್ಟು ತಗೊಂಡ್ರ ಇರು, ಇಲ್ಲಂದ್ರ ನಾಳಿಂದ ಬರಬ್ಯಾಡ ಎಂದರು ದೇವಿಂದ್ರಪ್ಪನವರು, ಸುಗಲಮ್ಮ ನಕ್ಕಳು, ಚೇಷ್ಟೆಯೆಂದು ತಿಳಿದಳೇನೋ, ಹೆಬ್ಬೆರಳಿಟ್ಟಳು, ಯಂತ್ರದೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಪ್ಲೀಸ್ ಟ್ರೈ ಎಗೇನ್ ಎಂದಳು, ಲ್ಯಾಬಿನ ಸಂಜುಕುಮಾರ ಹಿಂದಿನಿಂದ, ಯವ್ವಾ, ಹೆಬ್ಬಟ್ಟು ಮನ್ಯಾಗ ಬಿಟ್ಟು ಬಂದೀ ಏನು ಎಂದ, ಎಲ್ಲರೂ ನಕ್ಕರು, ಪರಿಮಳಾಳ ತುಟಿಯೂ ಅಗಲವಾಯಿತು, ಆಗಲಿಲ್ಲವೇ, ಆಯಿತು, ಯಂತ್ರದ ಗಾಜಿನಲ್ಲಿ ತಾನೇ ಕಂಡಳಲ್ಲ. ಅಕ್ಕೋರೆ ನೀವರೆ ಹೇಳ್ರಿ, ನಾ ಒಂದು ದಿನಾನೂ ತಪ್ಪಿಸಿಲ್ಲಂತ, ಎಂದಳು ಸುಗಲಮ್ಮ, ದೇವಿಂದ್ರಪ್ಪನವರೂ ಇತ್ತ ತಿರುಗಿ ಕಾದರು, ಕಾಗದ ಇನ್ನೂ ಮಡಚಿರಲಿಲ್ಲ, ಕಸಿದುಕೊಳ್ಳಲು ಒಂದು ಕೈ ಸಾಕಿತ್ತು, ಮಷೀನು ಒಪ್ಪಬೇಕಲ್ಲ ಸುಗಲಮ್ಮ, ಎಂದಳು, ಮೆಲ್ಲಗೆ, ಬುದ್ಧಿ ಹೇಳುವವರ ಹಾಗೆ, ಹೌದಲ್ರಿ, ಎಂದು ಅವಳು ಅದನ್ನೂ ನಂಬಿದಳು — ಭೀಮಾ ಸೇತುವೆ ಬಂತು, ನೀರು ತಳಕ್ಕಿಳಿದಿದೆ, ಒಂಬತ್ತೂ ಮೂವತ್ತೈದು, ಇನ್ನೂ ಸಮಯವಿದೆ, ಮೌನಿ ಈಗ ತರಗತಿಯೊಳಗೆ ಕೂತಿದ್ದಾಳೆ, ಒಳಗೆ, ಅಷ್ಟೇ ತಾನೆ ಬೇಕಾಗಿದ್ದು, ಅಷ್ಟೇ — ಸುಗಲಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡಳು, ಬಾಯಿಂದ ಬಿಸಿ ಗಾಳಿ ಊದಿದಳು, ಒತ್ತಿದಳು, ಯಂತ್ರ ಮಾತಾಡಿತು, ತಟ್ಟನೆ ಮುಖವರಳಿ ಪರಿಮಳಾಳತ್ತ ತಿರುಗಿ, ಏನಂತದ್ರಿ ಅಕ್ಕೋರೆ ಅದು, ಹ್ಞೂಂ ಅಂತೇನ್ರಿ? ಇನ್ನೊಮ್ಮೆ ಅಂತದ, ಎಂದಳು ಪರಿಮಳಾ. ಒರೆಸಿಕೊಂಡಳು, ಊದಿದಳು, ಒತ್ತಿದಳು. ಹ್ಞೂಂ ಅಂತೇನ್ರಿ? ಇನ್ನೊಮ್ಮೆ ಅಂತದ. ಒರೆಸಿಕೊಂಡಳು. ಊದಿದಳು. ಬಿಳುಚಿದ, ಒಂದೂ ಗೆರೆಯಿಲ್ಲದ ಹೆಬ್ಬೆರಳು, ಗಾಜಿನ ಮೇಲೆ, ಒತ್ತಿ ಒತ್ತಿ ಚಪ್ಪಟೆಯಾಗಿ