ಮಾಸ್ತಮ್ಮನ ಸೆರಗು

ಮಾಸ್ತಮ್ಮನಿಗೆ ಸೀರೆ ಉಡಿಸುವಾಗ ಗಂಡಸರು ಬೆನ್ನು ತಿರುಗಿಸಿ ನಿಲ್ಲಬೇಕು. ದಂಡಿಗನಹಳ್ಳಿ ಹೋಬಳಿಯ ಚನ್ನಪ್ಪನವರ ವಂಶದಲ್ಲಿ ಇದು ಎಷ್ಟು ತಲೆಮಾರಿನಿಂದ ನಡೆದುಬಂದಿದೆಯೋ ಯಾರೂ ಹೇಳಲಾರರು. ಯುಗಾದಿಗೆ ಮುಂಚಿನ ಸೋಮವಾರ ಮನೆಯ ಅತ್ತೆ ಮತ್ತು ಹಿರಿಸೊಸೆ ಕೆಂಪು ಮೈಯ, ಕರಿ ಅಂಚಿನ ಹೊಸ ಕೈಮಗ್ಗದ ಸೀರೆ ಹಿಡಿದು ತೋಟದ ಬದುವಿನಲ್ಲಿರುವ ಕಲ್ಲಿನ ಹತ್ತಿರ ಹೋಗುತ್ತಾರೆ. ಉಳಿದ ಹೆಂಗಸರು ಕಲ್ಲಿಗೆ ಬೆನ್ನಾಗಿ ಸುತ್ತ ಪಂಚೆ ಹಿಡಿದು ಮರೆ ಮಾಡುತ್ತಾರೆ. ಗಂಡಸರೆಲ್ಲ ಕೆರೆಯ ಕಡೆ ಮುಖ ಮಾಡುತ್ತಾರೆ. ವರ್ಷವೆಲ್ಲ ಬಿಸಿಲು ಮಳೆಗೆ ಮಾಸಿದ ಹಳೆಯ ಸೀರೆ ಬಿಚ್ಚಿ, ಕಲ್ಲಿಗೆ ಸುಣ್ಣ ಬಳಿದು, ಹೊಸದನ್ನು ಉಡಿಸಿ, 'ಆಯ್ತು' ಅಂದ ಮೇಲೆಯೇ ಅವರು ತಿರುಗಬೇಕು. ಗಂಡನ ಚಿತೆ ಹತ್ತಿ ಬೆಂದು ದೇವರಾದವಳನ್ನು ಬರಿಮೈಯಲ್ಲಿ ಮನೆಯ ಗಂಡಸರು ನೋಡಬಾರದು ಎಂದು ಕಟ್ಟು.

ಈ ಮಾಸ್ತಮ್ಮನನ್ನು ಹಿರಿಸೊಸೆ ಮೇಘಶ್ರೀ ಓಡಿಸಿಬಿಟ್ಟಿದ್ದಳು.

ಓಡಿಸಿದ್ದು ಕಾದಂಬರಿಯಲ್ಲಿ. ಮೇಘಶ್ರೀಗೆ ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹಿಂದೆ ಒಂದು ಪುಟ್ಟ ಅಂಗಡಿ. ಸೀರೆಗೆ ಫಾಲ್ಸ್ ಹೊಲಿಯುವುದು, ಸೆರಗಿಗೆ ಕುಚ್ಚು ಕಟ್ಟುವುದು ಅವಳ ಕೆಲಸ. ಮದುವೆಗೆ ಮುಂಚೆ ಹೊಳೆನರಸೀಪುರದಿಂದ ಹಾಸನಕ್ಕೆ ಓಡಾಡಿಕೊಂಡು ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದ್ದಳು. ಅಲ್ಲಿ ಹಳಗನ್ನಡ ಕಾವ್ಯ ಪಾಠ ಮಾಡುತ್ತಿದ್ದ ಮೇಡಂ, ಯುದ್ಧದ ವರ್ಣನೆ ಬಂದಾಗಲೆಲ್ಲ, "ಇಷ್ಟೊಂದು ಧ್ವಜ ಹಾರಿಸ್ತಾನೆ ಕವಿ, ನೇಯ್ದೋರು ಯಾರು ಅಂತ ಮಾತ್ರ ಹೇಳಲ್ಲ ನೋಡಿ" ಎನ್ನುತ್ತಿದ್ದರು. ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ನುಗ್ಗೇಹಳ್ಳಿಯ ದೇವಸ್ಥಾನಕ್ಕೆ ಹೋದರೆ ಬೇರೆಯವರು ದೇವರ ಮುಖ ನೋಡುತ್ತಿದ್ದರು. ಅವಳು ಗೋಡೆಯ ಮೇಲಿನ ಹೆಂಗಸರ ಸೀರೆಯ ಅಂಚು ನೋಡುತ್ತ ನಿಲ್ಲುತ್ತಿದ್ದಳು. ಅದರಿಂದ ಹುಟ್ಟಿದ ಎರಡು ಐತಿಹಾಸಿಕ ಕಾದಂಬರಿಗಳು ಪುಸ್ತಕವಾಗಿದ್ದವು. ಮನೆಯಲ್ಲಿ ಯಾರೂ ಓದಿರಲಿಲ್ಲ. ಹಾಗಾಗಿ ಶಾಂತಿ ಇತ್ತು.

ಮೂರನೆಯದು ಕಲ್ಲಿನಿಂದಲೇ ಹುಟ್ಟಿತು. ಹಿಂದಿನ ವರ್ಷ ಹಳೆಯ ಸೀರೆ ಬಿಚ್ಚುವಾಗ ದಪ್ಪನೆಯ ಸುಣ್ಣದ ಹಕ್ಕಳೆಯೊಂದು ಅವಳ ಕೈಗೇ ಎದ್ದು ಬಂತು. ಒಳಗೆ ಕಲ್ಲಿನ ಹೆಂಗಸಿನ ಎರಡೂ ಕೈ ಸೊಂಟದ ಹತ್ತಿರ ಇದ್ದವು. ಬಲಗೈಯಲ್ಲಿ ದೋಣಿಯಾಕಾರದ ಒಂದು ವಸ್ತು ಮಗ್ಗದ ಲಾಳಿಯ ಹಾಗೆ ಕಂಡಿತು. ಲಾಳಿಯೇ ಹೌದೋ, ಬಾಳೆಹೂವೋ, ಇನ್ನೇನೋ ಅವಳಿಗೆ ಇವತ್ತಿಗೂ ಖಾತ್ರಿಯಿಲ್ಲ. ಎತ್ತಿದ ಕೈ ಇರಲಿಲ್ಲ ಎಂಬುದು ಮಾತ್ರ ಖಾತ್ರಿ. ಸುತ್ತಲ ಊರುಗಳಲ್ಲಿ ಯಾವ ಮಾಸ್ತಿಕಲ್ಲು ನೋಡಿದರೂ ಬಳೆ ತೊಟ್ಟ ಒಂದು ತೋಳು ಉಬ್ಬಿಕೊಂಡು ಮೇಲಕ್ಕೆ ಚಾಚಿರುತ್ತದೆ; ಬೆಂಕಿಗೆ ಹೋದವಳ ಗುರುತು ಅದು. ಹೆಂಗಸರು ಸೀರೆಯ ಸೆರಗನ್ನು ಅದಕ್ಕೇ ಸಿಗಿಸುತ್ತಾರೆ. ಈ ಕಲ್ಲಿನಲ್ಲಿ ಸೆರಗು ನಿಲ್ಲುತ್ತಿರಲಿಲ್ಲ. ಬಾಳೆನಾರಿನಿಂದ ಕುತ್ತಿಗೆಗೆ ಬಿಗಿಯಬೇಕಿತ್ತು. ಮದುವೆಯಾದ ವರ್ಷ ಅತ್ತೆಯೇ ಅದನ್ನು ಹೇಳಿಕೊಟ್ಟಿದ್ದರು.

ಮೇಘಶ್ರೀ ಬರೆದಳು: ಊರಿನವರು ತಮಟೆ ಬಡಿದುಕೊಂಡು ಚಿತೆಗೆ ಕರೆಯಲು ಬಂದಾಗ ಆ ಹೆಂಗಸು ನೂಲಿನ ಗಂಟು ಕಂಕುಳಲ್ಲಿಟ್ಟುಕೊಂಡು ಹಿತ್ತಲ ಬೇಲಿ ದಾಟಿ ಹೋದಳು, ಬೇರೆ ಊರಿನಲ್ಲಿ ನೇಯ್ದು ಬದುಕಿದಳು. ಹಾಸನದ ಪ್ರಕಾಶಕರೊಬ್ಬರು ಯುಗಾದಿ ಕಳೆದ ಮೇಲೆ ಅಚ್ಚಿಗೆ ಕೊಡುತ್ತೇವೆಂದು ಒಪ್ಪಿದರು. ಅಷ್ಟರಲ್ಲಿ ಬೇಲಿ ದಾಟುವ ಅಧ್ಯಾಯ ಒಂದು ಪತ್ರಿಕೆಯ ವಿಶೇಷಾಂಕದಲ್ಲಿ ಬಂತು. ಊರಿನ ಹೆಸರು ಹಾಕಿರಲಿಲ್ಲ. ಆದರೆ ಕಂಡದ್ದನ್ನು ಕಂಡ ಹಾಗೆ ಬರೆಯಬೇಕೆಂಬ ಹಟದಲ್ಲಿ ಕೆರೆ, ಬದು, ಸೀರೆಯ ಬಣ್ಣ ಎಲ್ಲವನ್ನೂ ಇದ್ದ ಹಾಗೇ ಇಟ್ಟಿದ್ದಳು.

"ಏನಮ್ಮಿ ಇದು?" ಅತ್ತೆ ಪುಟ್ಟತಾಯಮ್ಮ ಪತ್ರಿಕೆಯನ್ನು ಒಲೆಕಟ್ಟೆಯ ಮೇಲೆ ಎಸೆದರು. ಅದು ಹಿಟ್ಟಿನ ತಟ್ಟೆಯೊಳಗೆ ಬಿತ್ತು.

"ಕಾದಂಬರಿ, ಅತ್ತೆ."

"ಕಾದಂಬರೀನಾ? ತ್ವಾಟ ನಮ್ದು, ಬದ ನಮ್ದು, ಕೆಂಪು ಸೀರೆ ನಮ್ದು. ಓಡೋದದ್ದು ಮಾತ್ರ ಕಾದಂಬರೀನಾ? ಬೇಲಿ ಆರಿದ್ಲಂತೆ! ಗಂಟು ಕಟ್ಕೊಂಡ್ಲಂತೆ! ನಿಮ್ಮವ್ವನ ಮನೇಲಿ ಯಾರೂ ಓಡೋಗಿಲ್ವಾ? ಅವರ್ನ ಬರ್ಕೋಬೇಕಾಗಿತ್ತು ಕಣಮ್ಮಿ, ಬ್ಯಾಡ ಅಂದೋರ್ಯಾರು?"

"ಊರಿನ ಹೆಸ್ರು ಹಾಕಿಲ್ಲ ಅತ್ತೆ..."

"ನಿನ್ನೆಸ್ರು ಆಕಿದ್ದೀಯಲ್ಲ. ಮೇಘಶ್ರೀ ಸುದರ್ಶನ್. ನನ್ ಮಗನೆಸ್ರ ಬಾಲದಂಗೆ ಕಟ್ಕೊಂಡು ನಮ್ ಮಾನ ಅರಾಜಿಗೆ ಮಡಗಿದ್ದೀಯ."

ಓರಗಿತ್ತಿ ಸುಕನ್ಯಾ ಅಕ್ಕಿ ತೊಳೆಯುತ್ತ ತಲೆ ಎತ್ತದೆ, "ಅಕ್ಕನ ಫೋಟೋ ಏನೋ ಚೆನ್ನಾಗ್ ಬಂದೈತೆ ಬುಡಿ ಅತ್ತೆ" ಎಂದಳು.

ಬಾಗಿಲಲ್ಲಿ ನಿಂತಿದ್ದ ಮಾವ ಚನ್ನಪ್ಪ ಸೊಸೆಯ ಕಡೆ ನೋಡಲಿಲ್ಲ. ಗೋಡೆಗೆ ಹೇಳುವಂತೆ, "ಶುಕ್ರವಾರ ಗದ್ದುಗೆ ಆಕುಸ್ತೀನಿ. ಕೆಂಚಯ್ಯಂಗೆ ಯೋಳಿ ಕಳ್ಸಿದ್ದೀನಿ" ಎಂದು ಹೊರಗೆ ಹೋದರು.

ಮೇಘಶ್ರೀಯ ಕೈಯಲ್ಲಿದ್ದ ಹಿಟ್ಟು ತಣ್ಣಗಾಯಿತು. ಗದ್ದುಗೆಯೆಂದರೆ ಕರಿಯ ಕಂಬಳಿ ಹಾಸಿ, ಅಕ್ಕಿಯಲ್ಲಿ ಗೆರೆ ಎಳೆದು, ಮೇಲೆ ಕಳಸ ಇಟ್ಟು ಕುಲದವರು ಸುತ್ತ ಕೂರುವುದು. ಅದರ ಮೇಲೆ ಕೈಯಿಟ್ಟು ಸುಳ್ಳಾಡಿದವರ ಮನೆಯ ದೀಪ ಆರುತ್ತದೆ ಎಂದು ಅವಳ ತವರಿನಲ್ಲೂ ನಂಬುತ್ತಿದ್ದರು. ಬಿ.ಎ. ಓದಿದ ಮೇಲೂ ಆ ಭಯ ಅವಳೊಳಗಿನಿಂದ ಹೋಗಿರಲಿಲ್ಲ. ಅಲ್ಲಿ ಆಡಿದ ಮಾತನ್ನು ಆಮೇಲೆ ಹಿಂದಕ್ಕೆ ತೆಗೆದುಕೊಳ್ಳುವಂತೆಯೂ ಇಲ್ಲ. ಸುಳ್ಳು ಎಂದು ಒಪ್ಪಿದರೆ ಪುಸ್ತಕ ಅಲ್ಲಿಗೇ ಸತ್ತಂತೆ.

ಮಾರನೆಯ ದಿನ ಗಂಡ ಸುದರ್ಶನ್ ತೆಂಗಿನಕಾಯಿ ಮಂಡಿಯಿಂದ ನೇರವಾಗಿ ಅಂಗಡಿಗೆ ಬಂದ. ಕುಚ್ಚು ಕಟ್ಟಲು ಹರಡಿದ್ದ ರೇಷ್ಮೆ ಎಳೆಗಳನ್ನು ಸರಿಸಿ ಕೂತ.

"ಮೇಘಾ, ತಲೆ ಕೆಡುಸ್ಕೋಬ್ಯಾಡ. ಕಾದಂಬರಿ ಅಂದ್ರೆ ಸುಳ್ಳೇ ತಾನೆ?"

"ಕಟ್ಟಿದ್ದು."

"ಅದೇ. ಸುಳ್ಳು ಅಂತ ಕೈ ಮಡಗ್ಬುಡು. ಗದ್ದುಗೆಗೂ ಮೋಸ ಇಲ್ಲ, ನಿಂಗೂ ಪಾಪ ಇಲ್ಲ."

"ಆಮೇಲೆ ಪುಸ್ತಕ?"

"ಬೇರೇದು ಬರಿ. ನಮ್ಮನೆ ಬುಟ್ರೆ ಬೇರೆ ಯಾರೂ ಸತ್ತೇ ಇಲ್ವಾ ಈ ಜಿಲ್ಲೇಲಿ?"

"ಕಲ್ಲಲ್ಲಿ ಎತ್ತಿದ ಕೈ ಇಲ್ಲ ರೀ."

"ಅದು ನಂಗ್ಯಾಕೆ? ನಾನು ಕೆರೆ ನೋಡ್ಕೊಂಡ್ ನಿಂತಿರೋನು." ಅವನು ಎದ್ದ. "ಪಟ್ಟಣದ ಮಂಡೀಲಿ ಯೆಲ್ರೂ ಕೇಳ್ತಾವ್ರೆ, ನಿಮ್ ಮಾಸ್ತಮ್ಮ ಯಾವ್ ಬಸ್ಸತ್ತಿದ್ಲು ಅಂತ. ನಗೋದು ನನ್ನ ನೋಡಿ, ನಿನ್ನಲ್ಲ."

ಅವನ ಮಾತಿನಲ್ಲಿ ಅರ್ಧ ಸರಿ ಇತ್ತು. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಓಡಿಹೋದದ್ದನ್ನು ಅವಳು ಕಂಡಿಲ್ಲ. ನೂಲಿನ ಗಂಟು ಅವಳದೇ ಕಲ್ಪನೆ. ಯಾರದೋ ಪೂಜೆಯನ್ನು ಕೆಡಿಸಿ ತಾನು ಹೆಸರು ಮಾಡಿಕೊಳ್ಳಲು ಹೊರಟಿದ್ದೇನೆಯೇ? ಆ ಸಂಜೆ ಅವಳು ಕಟ್ಟಿದ ಕುಚ್ಚುಗಳೆಲ್ಲ ಒಂದರ ಹಾಗೊಂದಿರಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದಳು.

ಶುಕ್ರವಾರ ಬೆಳಿಗ್ಗೆ ಪಡಸಾಲೆ ತುಂಬಿತ್ತು. ಕಂಬಳಿಯ ಹಿಂದೆ ಕುಲದ ಯಜಮಾನ ಕೆಂಚಯ್ಯ ಕೂತಿದ್ದರು. ಗಂಡಸರು ಎರಡೂ ಕಡೆ, ಹೆಂಗಸರು ಗೋಡೆಗೆ ಒರಗಿ. ಮೇಘಶ್ರೀ ಬಂದಾಗ ಯಾರೂ ಜಾಗ ಬಿಡಲಿಲ್ಲ. ಅವಳು ಕಾಲುಗಳ ನಡುವೆ ದಾರಿ ಹುಡುಕಿಕೊಂಡು ಮುಂದೆ ಬರಬೇಕಾಯಿತು.

"ಬಾರವ್ವ, ಕತೆ ಬರೆಯೋಳೆ" ಎಂದರು ಕೆಂಚಯ್ಯ. "ಬರೀಬೇಕು ಅಂತ ಅಷ್ಟು ಆಸೆ ಇದ್ರೆ ನನ್ ಮ್ಯಾಲೆ ಬರ್ದಿದ್ರೆ ಆಗ್ತಿತ್ತು. ನಾನೂ ಎಷ್ಟೋ ಸಲ ಇತ್ಲು ಬೇಲಿ ಆರಿವ್ನಿ."

ಗಂಡಸರು ನಕ್ಕರು. ಕೆಂಚಯ್ಯ ನಗಲಿಲ್ಲ.

"ಎರಡೇ ಮಾತು ಕಣವ್ವ. ಒಂದು, ನಾನು ಬರ್ದದ್ದು ಸುಳ್ಳು. ಎರಡು, ಮಾಸ್ತಮ್ಮ ಬೆಂಕಿಗೆ ಬಿದ್ದದ್ದು ದಿಟ. ಕೈ ಮಡಗಿ ಅಂದ್ಬುಡು. ಆ ಪುಸ್ತಕ ಅಚ್ಚಾಗಂಗಿಲ್ಲ. ಅಷ್ಟೆಯ."

ಅವಳು ಮಂಡಿಯೂರಿದಳು. ಕಂಬಳಿಯ ಉಣ್ಣೆ ಅಂಗೈಗೆ ಚುಚ್ಚಿತು.

"ನಾನು ಬರ್ದಿದ್ದು ನಾನೇ ಕಟ್ಟಿದ್ದು. ಅವ್ರು ಓಡೋಗಿದ್ದನ್ನ ನಾನು ಕಂಡಿಲ್ಲ, ನಂಗೆ ಯಾರೂ ಹೇಳೂ ಇಲ್ಲ."

ಗೋಡೆಯ ಕಡೆಯಿಂದ ಉಸಿರು ಬಿಟ್ಟ ಸದ್ದು ಕೇಳಿಸಿತು. ಸುದರ್ಶನ್ ಭುಜ ಸಡಿಲ ಬಿಟ್ಟ. ಚನ್ನಪ್ಪ ಎಲೆಯಡಿಕೆಯ ತಟ್ಟೆಗೆ ಕೈ ಹಾಕಿದರು.

"ಊಂ, ಎರಡನೇದು" ಎಂದರು ಕೆಂಚಯ್ಯ.

ಮೇಘಶ್ರೀ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ಅದನ್ನ ನಾನು ಅನ್ನಕಾಗಲ್ಲ. ಬೆಂಕೀನೂ ನಾನು ಕಂಡಿಲ್ಲ."

ಪಡಸಾಲೆ ಒಂದೇ ಸಲ ಮಾತಾಡತೊಡಗಿತು. ಯಾರೋ "ತವರಿಗೆ ಅಟ್ರೋ ಇವಳ್ನ" ಎಂದರು. ಚನ್ನಪ್ಪ ಅಷ್ಟು ದಿನದಲ್ಲಿ ಮೊದಲ ಸಲ ಸೊಸೆಯ ಮುಖ ನೋಡಿ ಮಾತಾಡಿದರು.

"ಯಾರೂ ಕಾಣಬೇಕಿಲ್ಲ. ಕಲ್ಲೇ ಸಾಕ್ಷಿ. ಮಾಸ್ತಿಕಲ್ಲು ಅಲ್ವಾ ಅದು? ಎತ್ತಿದ ಕೈ ಇಲ್ವಾ?"

"ನೀವು ನೋಡಿದ್ದೀರಾ ಮಾವ?"

"ಗಂಡಸ್ರು ನೋಡಂಗಿಲ್ಲ ಅಂತ ಗೊತ್ತಿದ್ದೂ ಕೇಳ್ತೀಯಾ? ಎಷ್ಟ್ ಕೊಬ್ಬೇ ನಿಂಗೆ!"

"ಅಂಗಾದ್ರೆ ಉಡಿಸಿದೋರನ್ನ ಕೇಳಿ" ಎಂದಳು ಮೇಘಶ್ರೀ. "ಅತ್ತೆ ನನಗಿಂತ ಮುಂಚಿನಿಂದ ಉಡಿಸ್ತಾವ್ರೆ. ಸೆರಗನ್ನ ಯಾವ ಕೈಗೆ ಸಿಗುಸ್ತಿದ್ರು, ಕೇಳಿ."

"ಕೇಳದೇನು?" ಪುಟ್ಟತಾಯಮ್ಮ ಗೋಡೆ ಬಿಟ್ಟು ಎದ್ದರು. "ಇವ್ಳು ನನ್ನ ಕೇಳೋ ಅಷ್ಟಾದ್ಲಾ? ಮಾಸ್ತಮ್ಮನ ಮುಂದೆ ಮಂಡಿ ಸವೆಸಿರೋಳು ನಾನು. ನಾನೇ ಮಡಗ್ತೀನಿ ಕೈಯ. ಸರೀರಿ."

ಅವರಿಗೆ ಎಲ್ಲರೂ ಜಾಗ ಬಿಟ್ಟರು. ಬಿರುಸಾಗಿ ಬಂದು ಕಂಬಳಿಯ ಮುಂದೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲಗೈ ಚಾಚಿದರು.

"ಎತ್ತಿದ ಕೈ ಐತೆ ಅಂದ್ಬುಡವ್ವ, ಎಲ್ಲಾ ಎದ್ದೋಗವ" ಎಂದರು ಕೆಂಚಯ್ಯ.

ಕೈ ಕಂಬಳಿಯ ಮೇಲೆ ಬಂತು. ಇಳಿಯಲಿಲ್ಲ. ಬಳೆಗಳು ಒಂದಕ್ಕೊಂದು ತಾಗಿದ ಸದ್ದು ಮಾತ್ರ. ಮೇಘಶ್ರೀಗೆ ಆ ಬೆರಳುಗಳು ಚೆನ್ನಾಗಿ ಗೊತ್ತಿದ್ದವು. ಬಾಳೆನಾರನ್ನು ಎರಡು ಸುತ್ತು ಸುತ್ತಿ, ಗಂಟನ್ನು ಕಲ್ಲಿನ ಹಿಂಬದಿಗೆ ತಳ್ಳಿ, ಮೇಲೆ ಸೀರೆಯ ಮಡಿಕೆ ಎಳೆದು ಗಂಟೇ ಕಾಣದಂತೆ ಮುಚ್ಚುವುದನ್ನು ಅವಳಿಗೆ ಕಲಿಸಿದ ಬೆರಳುಗಳು ಅವು.

ಪುಟ್ಟತಾಯಮ್ಮ ಸೊಸೆಯ ಕಡೆ ನೋಡಿದರು. ಹೊಡೆಯಲು ಕೈ ಬಾರದ ಕೋಪ ಆ ನೋಟದಲ್ಲಿತ್ತು. ಆಮೇಲೆ, ಸುಕ್ಕೇ ಇಲ್ಲದ ಕಂಬಳಿಯ ಅಂಚನ್ನು ಜಗ್ಗಿ ನೆಟ್ಟಗೆ ಮಾಡಿ, ಎದ್ದುಬಿಟ್ಟರು.

"ಗದ್ದುಗೆ ಎತ್ತಿ. ಬಿಸ್ಲಾಯ್ತು."

"ಅದ್ಯಾಕವ್ವ?" ಕೆಂಚಯ್ಯ ತಬ್ಬಿಬ್ಬಾದರು.

"ಯಾಕೂ ಇಲ್ಲ. ದೇವ್ರ ಮೈ ಇಂಗೈತೆ ಅಂಗೈತೆ ಅಂತ ಗಂಡಸ್ರ ಮುಂದೆ ಯೋಳಕೆ ನಾನೇನ್ ಇವಳಂಗೆ ಮಾನಗೆಟ್ಟೋಳಲ್ಲ. ಎತ್ತಿ ಅಂದ್ನಲ್ಲ!"

ಕೆಂಚಯ್ಯ ಚನ್ನಪ್ಪನ ಮುಖ ನೋಡಿದರು. ಚನ್ನಪ್ಪ ಕಳಸ ನೋಡುತ್ತಿದ್ದರು. "ಎರಡ್ನೇ ಮಾತಿಗೆ ಯಾರೂ ಕೈ ಮಡಗ್ಲಿಲ್ಲ ಅಂದ್ಮ್ಯಾಲೆ ತೀರ್ಮಾನ ಅಂತ ಯೋಳಕೆ ಬರಕಿಲ್ಲ" ಎಂದು ಕೆಂಚಯ್ಯ ಗೊಣಗಿದರು. "ಪುಸ್ತಕದ ಇಸ್ಯ ಗದ್ದುಗೆಗೆ ಸೇರಿದ್ದಲ್ಲ. ನಿಮ್ಮನೆ ಉಸಾಬರಿ, ನೀವೇ ನೋಡ್ಕಳಿ."

ಎಲ್ಲರೂ ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಪುಟ್ಟತಾಯಮ್ಮ ಅಡುಗೆಮನೆಯ ಬಾಗಿಲಲ್ಲಿ ಸೊಸೆಯನ್ನು ತಡೆದು ನಿಲ್ಲಿಸಿದರು.

"ಗೆದ್ದೆ ಅನ್ಕೋಬ್ಯಾಡ. ಅಚ್ಚು ಮಾಡುಸ್ಕೋ, ಊರೆಲ್ಲ ಅಂಚು. ನನ್ ಮಗನೆಸ್ರು ಅದ್ರಲ್ಲಿ ಇರ್ಬಾರ್ದು. ಮಾಸ್ತಮ್ಮನ್ನ ಇನ್ ಮ್ಯಾಲೆ ನೀನು ಮುಟ್ಟಂಗಿಲ್ಲ. ಸುಕನ್ಯ ಉಡುಸ್ತಾಳೆ. ಎಂಗಸ್ರ ಜತೇಲಿ ನಿಂತ್ಕೊಂಡು ಮರೆ ಇಡಿಯಕೂ ಬ್ಯಾಡ ನೀನು. ಗಂಡಸ್ರ ಪಕ್ಕ ನಿಂತ್ಕೋ ಓಗು, ಅವರಂಗೆ ಆಗಿದ್ದೀಯಲ್ಲ."

ಮೇಘಶ್ರೀ ತನ್ನ ಹೆಸರಿನಿಂದ ಗಂಡನ ಹೆಸರು ತೆಗೆದಳು. ಹಸ್ತಪ್ರತಿ ಕಳಿಸುವ ಮುಂಚೆ ಕೊನೆಯ ಅಧ್ಯಾಯ ಮತ್ತೆ ಓದಿದಳು. ಲಾಳಿಯ ಬಗ್ಗೆ ತನಗೆ ಖಾತ್ರಿಯಿಲ್ಲ, ಉಳಿದದ್ದು ತಾನು ಕಟ್ಟಿದ್ದು ಎಂದು ಮುನ್ನುಡಿಯಲ್ಲಿ ಸೇರಿಸಿದಳು. ಬೇಲಿ ದಾಟುವುದನ್ನು ತೆಗೆಯಲಿಲ್ಲ. ಮನೆಯಲ್ಲಿ ಅವಳೊಡನೆ ಮಾತು ನಿಂತಿತ್ತು. ಅವಳ ಕಾಫಿ ಲೋಟ ಒಲೆಕಟ್ಟೆಯ ಮೇಲೆ ತಣ್ಣಗಾಗುತ್ತಿತ್ತು, ಯಾರೂ ಕರೆಯುತ್ತಿರಲಿಲ್ಲ.

ಯುಗಾದಿಗೆ ಮುಂಚಿನ ಸೋಮವಾರ ಬಂತು. ಹೆಂಗಸರು ಬದುವಿನ ಮೇಲೆ ಪಂಚೆ ಹಿಡಿದು ನಿಂತರು. ಮೇಘಶ್ರೀ ಗಂಡಸರ ಸಾಲಿನ ಕೊನೆಯಲ್ಲಿ ಕೆರೆಯ ಕಡೆ ಮುಖ ಮಾಡಿ ನಿಂತಳು. ಸುದರ್ಶನ್ ಅವಳಿಂದ ಎರಡು ಹೆಜ್ಜೆ ಸರಿದ. ಕೆಂಚಯ್ಯ ಬೀಡಿ ಹಚ್ಚಲು ಹೋಗಿ, ಅವಳನ್ನು ಕಂಡು ಮತ್ತೆ ಜೇಬಿಗಿಟ್ಟರು. ಹಿಂದಿನಿಂದ ಸುಣ್ಣದ ವಾಸನೆ ಬಂತು. ಹೊಸ ಸೀರೆ ಕೊಡವಿದ ಸದ್ದು ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ.

"ನಿಲ್ತಾ ಇಲ್ಲ ಅತ್ತೆ" ಎಂದಿತು ಸುಕನ್ಯಾಳ ಧ್ವನಿ. "ಎಲ್ಲಿಗ್ ಸಿಗ್ಸಾನ ಸೆರಗ? ಕೈ ಎಲ್ಲೈತೆ?"

"ಮೆತ್ಗೆ ಮಾತಾಡೇ, ಮುಂಡೇದೆ" ಎಂದು ಪುಟ್ಟತಾಯಮ್ಮ ಹಲ್ಲು ಕಚ್ಚಿ ಗದರಿದರು. ಗದರಿದ್ದು ಕೆರೆಯವರೆಗೂ ಕೇಳಿಸಿತು. "ನಾರು ತತ್ತಾ. ಆ ಬಾಳೆನಾರು. ಕುತ್ಗೆಗೆ ಬಿಗಿ."

ಗಂಡಸರ ಸಾಲಿನಲ್ಲಿ ಯಾರೂ ಅಲುಗಾಡಲಿಲ್ಲ. ಚನ್ನಪ್ಪ ಗಟ್ಟಿಯಾಗಿ ಕೆಮ್ಮಿ, ನೀರು ಇಳಿದ ಕೆರೆಯನ್ನು ಈಗ ತಾನೇ ಕಂಡವರಂತೆ ನೋಡುತ್ತ ನಿಂತರು.