ತುಂಬಿದ ಪ್ಲೇಟುಗಳು

"ಮೀಟರ್ ಮುಳ್ಳು ಕಣ್ಣಿಗೆ ಕಾಣ್ತಿಲ್ವಾ ನಿಂಗೆ? ಕರೆಂಟು ಹರೀತಿದೆ, ಪ್ಲೇಟು ಕೆಲಸ ಮಾಡ್ತಿದೆ. ನೀರು ಶುದ್ಧವಾಗಿದೆ ಅಂತ ಸಹಿ ಹಾಕು!"

"ಕರೆಂಟು ಹರಿದ್ರೆ ಆಯ್ತಾ ಭಾವ? ಗುಳ್ಳೆ ಏಳ್ತಿರೋದು ನೋಡಿ. ಸುಳ್ಳಿಗೆ ಸಹಿ ಹಾಕೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ."

ಸೂಪರ್‌ವೈಸರಿಗೆ ಮೈಯೆಲ್ಲ ಉರಿದುಹೋಯಿತು. ಎದುರು ನಿಂತವಳು ಹೆಂಡತಿಯ ತಂಗಿ. ಅಣುಸ್ಥಾವರದ ಕೊಳೆನೀರಿನ ಈ ಶೆಡ್ಡಿಗೆ ಅವಳನ್ನು ಹನ್ನೊಂದು ವರ್ಷದ ಹಿಂದೆ ಸೇರಿಸಿದವನೇ ಅವನು. ಯುರೇನಿಯಂ ಬೆರೆತ ನೀರಿಗೆ ಕರಿ ಪ್ಲೇಟುಗಳನ್ನು ಇಳಿಬಿಟ್ಟು ಕರೆಂಟು ಕೊಟ್ಟರೆ ಯುರೇನಿಯಂ ಪ್ಲೇಟಿಗೆ ಅಂಟಿಕೊಳ್ಳುತ್ತದೆ. ಪ್ಲೇಟು ತುಂಬಿತೆಂದರೆ ಮೇಲೆತ್ತಿ, ಬೇರೆ ತೊಟ್ಟಿಯಲ್ಲಿ ಕರೆಂಟನ್ನು ಹಿಂದುಮುಂದಾಗಿ ಹರಿಸಿ, ಅಂಟಿದ್ದನ್ನು ಬಿಡಿಸಿಕೊಳ್ಳಬೇಕು. ಅರ್ಧ ದಿನದ ಕೆಲಸ. ಬಿಡಿಸದೆ ಓಡಿಸಿದರೆ ಕರೆಂಟೇನೋ ಹರಿಯುತ್ತದೆ. ಆದರೆ ನೀರನ್ನು ಒಡೆದು ಗುಳ್ಳೆ ಎಬ್ಬಿಸುತ್ತದೆ ಅಷ್ಟೆ. ಯುರೇನಿಯಂ ನೀರಿನಲ್ಲೇ ಉಳಿಯುತ್ತದೆ.

ಅವನಿಗೂ ಅದು ಗೊತ್ತು. ಆದರೆ ಇವತ್ತು ಮೂರು ಗಂಟೆಗೆ ದೊಡ್ಡ ಸಾಹೇಬರು ಬಂದು ಶುದ್ಧವಾದ ನೀರು ಕಾಲುವೆಗೆ ಬೀಳುವುದನ್ನು ನೋಡುವವರಿದ್ದರು. ಎತ್ತಿದರೆ ಅಷ್ಟರೊಳಗೆ ನೀರು ಸಿದ್ಧವಾಗದೆಂದು ನಿನ್ನೆ ಸಂಜೆ ಪ್ಲೇಟು ಎತ್ತುವುದು ಬೇಡ ಎಂದಿದ್ದ.

"ಲ್ಯಾಬಿಗೆ ಕಳಿಸಿದ ಬಾಟಲಿ ನೀರು ಪಾಸಾಗಿದೆಯಲ್ಲೇ!"

"ಮೊನ್ನೆ ಹೊಸ ಪ್ಲೇಟು ಇಳಿಸಿದಾಗ ಹಿಡಿದ ನೀರದು. ಹಿಡಿದುಕೊಟ್ಟೋಳೇ ನಾನು. ನನಗೇ ಕಥೆ ಹೇಳ್ತೀರಲ್ಲ!"

"ಅಷ್ಟು ದೊಡ್ಡ ಕಾಲುವೇಲಿ ಒಂದು ದಿನದ ನೀರು ಯಾವ ಲೆಕ್ಕ? ನಿಮ್ಮಕ್ಕನ ಮುಖ ನೋಡಿಯಾದ್ರೂ..."

"ನಿಮ್ಮನೆ ನಲ್ಲೀಲಿ ಬರೋದೂ ಆ ಕಾಲುವೆ ನೀರೇ. ಈ ತೊಟ್ಟಿದು ಒಂದು ಲೋಟ ನೀವು ಕುಡೀರಿ, ಒಂದಲ್ಲ ಎರಡು ಸಹಿ ಹಾಕ್ತೀನಿ."

ಆ ಬದಿ ಪೈಪಿಗೆ ಬೆಸುಗೆ ಹಾಕುತ್ತಿದ್ದ ವೆಲ್ಡರ್ ಕಿಸಕ್ಕನೆ ನಕ್ಕ. ಅದು ಸೂಪರ್‌ವೈಸರನ ಕಿವಿಗೆ ಬಿತ್ತು.

"ಕೆಲಸ ಕೊಡಿಸಿದ ನನಗೇ ತಿರುಗಿ ಬೀಳ್ತೀಯಾ? ಸಹಿ ಹಾಕು. ಇಲ್ಲಾಂದ್ರೆ ಬಾಗಿಲು ಅಲ್ಲಿದೆ!"

"ಬಾಗಿಲು ಎಲ್ಲಿದೆ ಅಂತ ನಂಗೂ ಗೊತ್ತು."

ಅವಳು ಸೊಂಟದಲ್ಲಿದ್ದ ಕೆಂಪು ಬೀಗ ತೆಗೆದಳು. ಕಾಲುವೆಗೆ ನೀರು ಬಿಡುವ, ಮುಚ್ಚಿದ್ದ ವಾಲ್ವಿನ ಚಕ್ರಕ್ಕೆ ಸರಪಳಿ ಸುತ್ತಿ ಬೀಗವನ್ನು ಟಕ್ಕೆಂದು ಹಾಕಿದಳು. ಅಲ್ಲಿ ಒಬ್ಬೊಬ್ಬರಿಗೆ ಒಂದು ಬೀಗ, ಅದಕ್ಕೆ ಒಂದೇ ಬೀಗದ ಕೈ. ಹಾಕಿದವರೇ ತೆಗೆಯಬೇಕು. ಬೇರೆಯವರು ಒಡೆಯುವುದಾದರೆ ಫಾರಂ ಮೇಲೆ ಕಾರಣ ಬರೆದು ಸಹಿ ಹಾಕಬೇಕು.

ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ ಅವಳು ಹೊರಟೇಬಿಟ್ಟಳು.

"ಏಯ್, ಬೀಗದ ಕೈ ಕೊಟ್ಟು ಹೋಗೇ!"

ಅವಳು ತಿರುಗಿಯೂ ನೋಡಲಿಲ್ಲ.

"ಸಿಟ್ಟು ಇಳಿದ್ಮೇಲೆ ಬರ್ತಾಳೆ ಬಿಡು," ಎಂದ ಅವನು ವೆಲ್ಡರನಿಗೆ. ಒಂದು ಗಂಟೆಯಾಯಿತು. ಎರಡಾಯಿತು. ಮನೆಗೆ ಫೋನ್ ಮಾಡಿದರೆ, "ನನ್ನ ತಂಗಿಗೆ ಏನಂದ್ರಿ ನೀವು?" ಎಂದು ಹೆಂಡತಿಯೇ ಬೆಂಕಿಯಾದಳು.

"ಕಟರ್ ತಗೊಂಡು ಬಾ, ಬೀಗ ಒಡೆದುಹಾಕು," ಎಂದ ವೆಲ್ಡರನ ಕಡೆ ತಿರುಗಿ.

"ಫಾರಂ ಬರೀರಿ ಸಾರ್," ಎಂದ ವೆಲ್ಡರ್. "ಆಮೇಲೆ ನನ್ನ ತಲೆಗೆ ಬರಬಾರದು."

ಅವನು ಹೆಸರು ಬರೆದ, ತಾರೀಖು ಬರೆದ, ವಾಲ್ವಿನ ನಂಬರು ಬರೆದ. ಕಾರಣ ಎಂಬಲ್ಲಿ ಪೆನ್ನು ನಿಂತಿತು. ಗೇಟಿನ ಬಳಿ ಸಾಹೇಬರ ಕಾರುಗಳ ಬಾಗಿಲು ಒಂದೊಂದಾಗಿ ಮುಚ್ಚಿದ ಸದ್ದು ಕೇಳಿಸಿತು. ವೆಲ್ಡರ್ ಕಟರನ್ನು ತೊಡೆಯ ಮೇಲಿಟ್ಟುಕೊಂಡು, ಆ ಖಾಲಿ ಸಾಲನ್ನೇ ನೋಡುತ್ತ ಕುಳಿತಿದ್ದ.