ಖಾಲಿ ಪೈಪಿನ ಚಿತ್ರ

ಎಣ್ಣೆ, ನೀರು, ಗಾಳಿ ಮೂರೂ ಒಟ್ಟಿಗೆ ಹರಿಯುವ ಪೈಪಿಗೆ ಸೆನ್ಸರುಗಳ ಬಳೆ ತೊಡಿಸಿ, ಒಳಗಿನ ಚಿತ್ರವನ್ನು ಪರದೆಯ ಮೇಲೆ ನೋಡುವುದು ಇಂಜಿನಿಯರಮ್ಮನ ಕೆಲಸ. ಆವತ್ತು ಪಂಪು ನಿಲ್ಲಿಸಿದ್ದರು. ಪರದೆ ನೋಡಿ, "ಪೈಪು ಖಾಲಿ, ಬಿಚ್ಚಿ" ಅಂದಳು. ಫಿಟರ್ ಬೋಲ್ಟು ಸಡಿಲಿಸಿದ್ದೇ ತಡ, ಪಕ್ಕದಲ್ಲಿದ್ದ ಮ್ಯಾನೇಜರರ ಹೊಸ ಬೂಟಿನ ಮೇಲೆ ಕೊಳಕು ನೀರು ಸುರಿಯಿತು.

"ಇದೇನಮ್ಮ ನಿನ್ನ ಖಾಲಿ?" ಅಂದರು ಅವರು, ಕಾಲು ಕೊಡವುತ್ತ.

ಅವಳಿಗೆ ಆಗ ಹೊಳೆಯಿತು. ಬಳೆ ಕೂರಿಸಿದ ದಿನ, ಖಾಲಿ ಪೈಪು ಹೇಗಿರುತ್ತದೆಂದು ಯಂತ್ರಕ್ಕೆ ತೋರಿಸಿಕೊಡಬೇಕು. ಅವಳು ಒಳಗೆ ಇಣುಕದೆಯೇ ತೋರಿಸಿದ್ದಳು. ಆ ದಿನ ತಳದಲ್ಲಿ ನಿಂತಿದ್ದ ನೀರನ್ನೂ ಸೇರಿಸಿ ಯಂತ್ರ ಖಾಲಿ ಎಂದೇ ಕಲಿತಿತ್ತು. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಬಹಳ ದಿನ ಬರುವುದಿಲ್ಲ ಅನ್ನುತ್ತಾರೆ. ಯಂತ್ರದ ಮಟ್ಟಿಗೆ ಅದು ಸುಳ್ಳು.

ಮನೆಯಲ್ಲಿ ಗಂಡ ಎಂದಿನಂತೆ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಮದುವೆಯಾದ ಮೊದಲ ವಾರವೂ ಹೀಗೇ ಇದ್ದ. ಮಾತು ಕಮ್ಮಿ, ಅದು ಅವನ ಗುಣ ಎಂದುಕೊಂಡು ಅವಳು ಆಗಲೇ ಸುಮ್ಮನಾಗಿದ್ದಳು. ಇವತ್ತು ಬಡಿಸುವುದನ್ನು ನಿಲ್ಲಿಸಿ ಕೇಳಿದಳು: "ರೀ, ನಿಮ್ಮ ಮನಸ್ಸಲ್ಲಿ ಏನಾದ್ರೂ ಇದೆಯಾ?"

ಅವನು ತುತ್ತನ್ನು ತಟ್ಟೆಗೇ ಇಟ್ಟ.

"ಇದೆ," ಅಂದ. "ಮದುವೆಗೆ ಮುಂಚಿನಿಂದಲೂ ಇದೆ."